ಡಬ್ಬಿ ಮಾರುವವನೇ ಹೇಳುತ್ತಿದ್ದೇನೆ, ಮೊದಲು ತಟ್ಟೆ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪುರವಣಿಯಲ್ಲಿ ಜಿಮ್‌ಗೆ ಹೋಗುವ ಹುಡುಗರ ಬಗ್ಗೆ ಒಂದು ಬರಹ ಬಂದಿತ್ತು. ಚೆನ್ನಾಗಿಯೇ ಇತ್ತು. ಆದರೆ ನಡುವೆ ಒಂದು ಕಡೆ, ಅಮೈನೊ ಆಸಿಡ್, ಅಂದರೆ ಪ್ರೋಟೀನಿನ ಬಿಡಿ ತುಂಡುಗಳ ಸಪ್ಲಿಮೆಂಟ್ ತೆಗೆದುಕೊಂಡರೆ ಸ್ನಾಯು ಬೇಗ ಬೆಳೆಯುತ್ತದೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದಾರೆ. ಆ ಒಂದು ಸಾಲಿನ ಬೆಲೆ ನನ್ನ ಅಂಗಡಿಯಲ್ಲಿ 1,650 ರೂಪಾಯಿ. ಅದಕ್ಕೇ ಈ ಪತ್ರ.

ನಾನು ದಾವಣಗೆರೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡವನು. ಆರೇಳು ವರ್ಷದ ಹಿಂದೆ ಒಬ್ಬ ಸೇಲ್ಸ್ ಹುಡುಗ ಬಂದು, ‘ಸರ್, ಒಂದು ರ‍್ಯಾಕ್ ಖಾಲಿ ಮಾಡಿ ಕೊಡಿ, ಮಾರ್ಜಿನ್ ನೋಡಿ ಆಮೇಲೆ ಮಾತಾಡಿ’ ಅಂದ. ಕೊಟ್ಟೆ. ಮಾರ್ಜಿನ್ ನಿಜಕ್ಕೂ ಚೆನ್ನಾಗಿತ್ತು. ಒಂದು ಸ್ಟ್ರಿಪ್ ಜ್ವರದ ಮಾತ್ರೆ ಮಾರಿದರೆ ಸಿಗುವ ಪುಡಿಗಾಸಿಗೂ ಇದಕ್ಕೂ ಅಜಗಜಾಂತರ. ಅಂದರೆ ಈ ವಿಷಯದಲ್ಲಿ ನಾನೇನೂ ಸಾಧು ಅಲ್ಲ. ಇವೇ ಡಬ್ಬಿ ಮಾರಿ ನಾಲ್ಕು ಕಾಸು ಮಾಡಿದವನೇ. ಹಾಗಾಗಿ ಇದನ್ನು ಹೊಟ್ಟೆಕಿಚ್ಚಿನವರ ಪತ್ರ ಅಂದುಕೊಳ್ಳಬೇಡಿ.

ಎರಡು ತಿಂಗಳ ಹಿಂದೆ ಒಬ್ಬ ಹುಡುಗ ಬಂದ. ಡಿಗ್ರಿ ಎರಡನೇ ವರ್ಷ, ಸಂಜೆ ಬಟ್ಟೆ ಅಂಗಡಿಯಲ್ಲಿ ಕೆಲಸ. ತೂಕ 60 ಕೆ.ಜಿ. ಅಂತ ಅವನೇ ಹೇಳಿದ. ‘ಅಂಕಲ್, ಬಿಸಿಎಎ ಕೊಡಿ, ಕಲ್ಲಂಗಡಿ ಫ್ಲೇವರ್.’ ಬಿಸಿಎಎ ಅಂದರೆ ಮೂರು ಬಗೆಯ ಅಮೈನೊ ಆಸಿಡ್ ಬೆರೆಸಿದ ಪುಡಿ. ಕೋಚ್ ಚೀಟಿಯಲ್ಲಿ ಬರೆದುಕೊಟ್ಟಿದ್ದ. ಯಾವಾಗ ಕುಡೀತೀಯ ಅಂತ ಕೇಳಿದೆ. ‘ಬೆಳಿಗ್ಗೆ ಖಾಲಿ ಹೊಟ್ಟೇಲಿ ಕುಡಿದು ವರ್ಕೌಟ್ ಮಾಡ್ಬೇಕಂತೆ, ಆಗ ಮಸಲ್ ಕರಗಲ್ವಂತೆ.’ ಆಮೇಲೆ ತಿಂಡಿ? ‘ಕಾಲೇಜಿಗೆ ಲೇಟ್ ಆಗುತ್ತಲ್ವಾ ಅಂಕಲ್, ಹನ್ನೊಂದು ಗಂಟೆಗೆ ಮಂಡಕ್ಕಿ ಮೆಣಸಿನಕಾಯಿ ತಿಂತೀನಿ.’

ನಮ್ಮೂರಿನ ಮಂಡಕ್ಕಿ ಮೇಲೆ ನನಗೇನೂ ಕೋಪ ಇಲ್ಲ, ದಿನಾ ಸಂಜೆ ನಾನೂ ತಿನ್ನುತ್ತೇನೆ. ಆದರೆ ಬೆಳಿಗ್ಗೆ ಒಂದು ಗಂಟೆ ಭಾರ ಎತ್ತಿದ ಮೈಗೆ ಅದರಲ್ಲಿ ಸಿಗುವ ಪ್ರೋಟೀನ್ ಎಷ್ಟು? ಅರಳಿಸಿದ ಅಕ್ಕಿ ಅದು, ಮುಕ್ಕಾಲು ಪಾಲು ಗಾಳಿ. ಕಿಸೆಯಿಂದ 1,650 ಎಣಿಸಿ ಕೊಡುವ ಹುಡುಗನ ಬೆಳಗಿನ ಊಟ ಇದು ನೋಡಿ.

ಡಬ್ಬಿ ತಿರುಗಿಸಿ ಹಿಂದಿನ ಚೀಟಿ ತೋರಿಸಿದೆ. ಅಕ್ಷರ ಸಾಸಿವೆಯಷ್ಟು ಸಣ್ಣ, ನಾನು ಕನ್ನಡಕ ಹಾಕಿಕೊಂಡೇ ಓದಿದ್ದು. ಒಂದು ಸ್ಕೂಪ್‌ನಲ್ಲಿ ಲ್ಯೂಸಿನ್ 2.5 ಗ್ರಾಂ, ಐಸೊಲ್ಯೂಸಿನ್ 1.25, ವ್ಯಾಲಿನ್ 1.25. ಒಟ್ಟು 5 ಗ್ರಾಂ. ಇವರು 2:1:1 ಅಂತ ದೊಡ್ಡದಾಗಿ ಬರೆಯುವುದು ಇದನ್ನೇ. ಡಬ್ಬಿಯಲ್ಲಿ 30 ಸ್ಕೂಪ್. ಒಂದು ಸ್ಕೂಪಿಗೆ 55 ರೂಪಾಯಿ ಬಿತ್ತು. ಉಳಿದದ್ದು ಹುಳಿ, ಬಣ್ಣ, ಸಿಹಿ, ಕಲ್ಲಂಗಡಿ ವಾಸನೆ.

ಈಗ ಒಂದು ಕೋಳಿಮೊಟ್ಟೆ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಅದರೊಳಗೆ ಈ ಮೂರು ಅಮೈನೊ ಆಸಿಡ್ ಸೇರಿ ಸುಮಾರು 1.3 ಗ್ರಾಂ ಇರುತ್ತದೆ. ನಾಲ್ಕು ಮೊಟ್ಟೆಗೆ 5 ಗ್ರಾಂ ದಾಟಿತು. ಡಬ್ಬಿಯ ಒಂದು ಸ್ಕೂಪಿನಷ್ಟೇ. ಅದೂ ಅರ್ಧ ದುಡ್ಡಿಗೆ, ಮೇಲೆ ಡಬ್ಬಿಯಲ್ಲಿ ಇಲ್ಲದ ಇನ್ನಷ್ಟು ಸಾಮಾನು ಸಮೇತ. ಆ ‘ಇನ್ನಷ್ಟು ಸಾಮಾನು’ ಅನ್ನುವುದರಲ್ಲೇ ಈ ಇಡೀ ಕತೆ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಮೈಯ ಪ್ರೋಟೀನ್ ಎಲ್ಲ 20 ಬಗೆಯ ಅಮೈನೊ ಆಸಿಡ್‌ಗಳನ್ನು ಪೋಣಿಸಿ ಆದದ್ದು. ಅದರಲ್ಲಿ 9 ಬಗೆಯವನ್ನು ಮೈ ತಾನೇ ಸಾಕಷ್ಟು ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಡಬ್ಬಿಯಲ್ಲಿರುವ ಮೂರು ಈ ಒಂಬತ್ತರಲ್ಲಿ ಸೇರಿವೆ. ಉಳಿದ ಆರು, ಅಂದರೆ ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್, ಟ್ರಿಪ್ಟೊಫಾನ್, ಫಿನೈಲ್‌ಅಲನಿನ್, ಹಿಸ್ಟಿಡಿನ್ ಡಬ್ಬಿಯಲ್ಲಿ ಇಲ್ಲ. ಸ್ನಾಯು ಕಟ್ಟಬೇಕಾದರೆ ಒಂಬತ್ತೂ ಒಟ್ಟಿಗೆ ಬೇಕು. ಒಂದು ಕಡಿಮೆ ಬಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಾಗಾದರೆ ಲ್ಯೂಸಿನ್‌ಗೆ ಇಷ್ಟು ಹೆಸರು ಯಾಕೆ ಬಂತು? ಸುಳ್ಳಿಗೆ ಬಂದದ್ದಲ್ಲ. ಸ್ನಾಯುವಿನ ಜೀವಕೋಶಕ್ಕೆ ‘ಕಟ್ಟುವ ಕೆಲಸ ಶುರು ಮಾಡು’ ಅಂತ ಹೇಳುವುದರಲ್ಲಿ ಲ್ಯೂಸಿನ್‌ದೇ ಮುಖ್ಯ ಪಾತ್ರ. 1975ರಲ್ಲೇ ಇಲಿಯ ಸ್ನಾಯುವನ್ನು ಹೊರತೆಗೆದು ಪ್ರಯೋಗ ಮಾಡಿ, ಲ್ಯೂಸಿನ್ ಹಾಕಿದರೆ ಪ್ರೋಟೀನ್ ತಯಾರಿ ಜಾಸ್ತಿಯಾಗುತ್ತದೆ ಅಂತ ತೋರಿಸಿದ್ದರು. ಅದು ನಿಜವೇ. ಆದರೆ ಒಗ್ಗರಣೆ ಚೊಯ್ ಅಂದ ಮಾತ್ರಕ್ಕೆ ಸಾರು ಆಯಿತಾ? ಬೇಳೆ ಬೇಯಬೇಕಲ್ವಾ? ಸಾಸಿವೆ ಸಿಡಿದರೆ ಮನೆಯೆಲ್ಲ ಘಮ ಅನ್ನುತ್ತದೆ, ತಟ್ಟೆ ಹಾಕಿಕೊಂಡು ಕೂತವನಿಗೆ ಮಾತ್ರ ಏನೂ ಬೀಳುವುದಿಲ್ಲ. ಬಿಸಿಎಎ ಅಂದರೆ ಆ ಒಗ್ಗರಣೆ.

ಅದರಲ್ಲೂ ಖಾಲಿ ಹೊಟ್ಟೆಯಲ್ಲಿ ಕುಡಿಯುವುದು ಇನ್ನೂ ತಮಾಷೆ. ಹೊಟ್ಟೆಯಲ್ಲಿ ಬೇರೆ ಪ್ರೋಟೀನ್ ಇಲ್ಲದಾಗ ಉಳಿದ ಆರು ಅಮೈನೊ ಆಸಿಡ್ ಎಲ್ಲಿಂದ ಬರಬೇಕು? ಇರುವ ಸ್ನಾಯುವನ್ನೇ ಒಡೆದು ಬರಬೇಕು. ಅಂಗಿಯ ತೋಳು ಕತ್ತರಿಸಿ ಅದೇ ಅಂಗಿಗೆ ಜೇಬು ಹೊಲಿದ ಹಾಗೆ. ಜೇಬು ಬಂತು, ಆದರೆ ಬಟ್ಟೆ ಹೆಚ್ಚಲಿಲ್ಲ. ಇದು ನನ್ನ ಸ್ವಂತ ತರ್ಕ ಅಲ್ಲ. ಅಮೆರಿಕದ ರಾಬರ್ಟ್ ವೂಲ್ಫ್ ಎಂಬ ಸಂಶೋಧಕ 2017ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಬರೆದದ್ದು. ಬರೀ ಈ ಮೂರನ್ನು ರಕ್ತನಾಳದ ಮೂಲಕ ಮನುಷ್ಯರಿಗೆ ಕೊಟ್ಟು ನೋಡಿದ ಎರಡು ಅಧ್ಯಯನ ಅವರಿಗೆ ಸಿಕ್ಕಿದ್ದವು. ಎರಡರಲ್ಲೂ ಸ್ನಾಯು ಒಡೆಯುವುದು ಕಡಿಮೆಯಾಗಿತ್ತು, ಜೊತೆಗೆ ಕಟ್ಟುವುದೂ ಕಡಿಮೆಯಾಗಿತ್ತು. ಬಿಸಿಎಎ ಒಂದರಿಂದಲೇ ಸ್ನಾಯು ಬೆಳೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಂತ ಅವರು ನೇರವಾಗಿಯೇ ಬರೆದಿದ್ದಾರೆ.

ಇಷ್ಟು ಹೇಳಿದರೆ ಜಿಮ್‌ನವರು ತಕ್ಷಣ ಮೊಬೈಲ್ ತೆಗೆದು ಇನ್ನೊಂದು ಅಧ್ಯಯನ ತೋರಿಸುತ್ತಾರೆ. ಅದೂ 2017ರದ್ದೇ, ಬ್ರಿಟನ್ನಿನದು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಭಾರ ಎತ್ತಿ ರೂಢಿಯಿದ್ದ 10 ಯುವಕರಿಗೆ ವ್ಯಾಯಾಮ ಆದ ಮೇಲೆ 5.6 ಗ್ರಾಂ ಬಿಸಿಎಎ ಕೊಟ್ಟರು. ಮುಂದಿನ ನಾಲ್ಕು ಗಂಟೆಯಲ್ಲಿ ಸ್ನಾಯುವಿನ ಪ್ರೋಟೀನ್ ತಯಾರಿ ಶೇ 22ರಷ್ಟು ಹೆಚ್ಚಿತ್ತು. ಈ 22 ಎಂಬ ಅಂಕಿ ಎಷ್ಟು ಜಾಹೀರಾತಿಗೆ ಅನ್ನ ಹಾಕಿದೆಯೋ. ಆದರೆ ಇದು ನಾಲ್ಕು ಗಂಟೆಯ ತಯಾರಿಯ ವೇಗ ಅಷ್ಟೆ, ಸ್ನಾಯುವೇ ಶೇ 22 ಜಾಸ್ತಿ ಆಯಿತು ಅಂತಲ್ಲ. ಜೊತೆಗೆ ಹೋಲಿಕೆ ಮಾಡಿದ್ದು ಯಾವುದರ ಜೊತೆ? ಅಮೈನೊ ಆಸಿಡ್ ಏನೂ ಇಲ್ಲದ ಪಾನೀಯದ ಜೊತೆ. ಊಟದ ಜೊತೆ ಅಲ್ಲ, ಹಾಲಿನ ಜೊತೆ ಅಲ್ಲ. ಇಷ್ಟೇ ಬಿಸಿಎಎ ಒಳಗೊಂಡ, ಹಾಲಿನಿಂದ ತೆಗೆದ ಪೂರ್ತಿ ವೇ ಪ್ರೋಟೀನ್ ಕೊಟ್ಟಾಗ ಹಿಂದಿನ ಅಧ್ಯಯನಗಳಲ್ಲಿ ಸಿಕ್ಕಿದ್ದಕ್ಕೆ ಹೋಲಿಸಿದರೆ ಇದು ಸುಮಾರು ಅರ್ಧ ಅಂತ ಆ ಸಂಶೋಧಕರೇ ಬರೆದಿದ್ದಾರೆ. ಆ ಸಾಲನ್ನು ಯಾರೂ ಮೊಬೈಲ್‌ನಲ್ಲಿ ತೋರಿಸುವುದಿಲ್ಲ.

ಇನ್ನು ಒಂದೇ ಹುಡುಗ ವೇ ಪ್ರೋಟೀನ್ ಡಬ್ಬಿ, ಬಿಸಿಎಎ ಡಬ್ಬಿ ಎರಡನ್ನೂ ಒಯ್ಯುವುದನ್ನು ನೋಡಿದರೆ ನನಗೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ವೇ ಅಂದರೆ ಏನು? ಹಾಲು ಒಡೆದಾಗ ಗಟ್ಟಿ ಭಾಗ ಬೇರೆಯಾಗಿ ಉಳಿಯುತ್ತದಲ್ಲ ತಿಳಿ ನೀರು, ಅದನ್ನು ಒಣಗಿಸಿದ್ದು. ಅದರ 25 ಗ್ರಾಂ ಪ್ರೋಟೀನ್‌ನಲ್ಲಿ ಈ ಮೂರು ಅಮೈನೊ ಆಸಿಡ್ ಸುಮಾರು ಐದೂವರೆ ಗ್ರಾಂ ಆಗಲೇ ಇರುತ್ತದೆ. ಅಂದರೆ ಒಂದೇ ಸಾಮಾನಿಗೆ ಎರಡು ಸಲ ಬಿಲ್. ಬಿಲ್ ಮಾಡುವವನು ನಾನೇ, ಅದೂ ನಿಜ.

ಹಾಗಂತ ಪ್ರೋಟೀನೇ ಬೇಡ ಅಂತ ಹೇಳುತ್ತಿಲ್ಲ. ಅದು ಬೇಕೇ ಬೇಕು, ಅದೂ ಭಾರ ಎತ್ತುವವನಿಗೆ ಜಾಸ್ತಿ ಬೇಕು. ಸಾಮಾನ್ಯ ಜನಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಲೆಕ್ಕ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ. ನಮ್ಮ 60 ಕೆ.ಜಿ. ಹುಡುಗನಿಗೆ ಸುಮಾರು 50 ಗ್ರಾಂ ಆಯಿತು. ಭಾರ ಎತ್ತುವವರ ಬಗ್ಗೆ 2018ರಲ್ಲಿ 49 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ ಬಂತು, ಅದರಲ್ಲಿ ಒಟ್ಟು 1,863 ಜನ ಇದ್ದರು. ಹೆಚ್ಚಿನ ಪ್ರೋಟೀನ್‌ನಿಂದ ಲಾಭ ಇದೆ ಅಂತಲೇ ಬಂತು. ಆದರೆ ಕೆ.ಜಿ.ಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಮತ್ತೆ ಲಾಭ ಕಾಣಲಿಲ್ಲ. ಪ್ರೋಟೀನ್ ಸೇರಿಸಿಕೊಂಡವರು ಸೇರಿಸಿಕೊಳ್ಳದವರಿಗಿಂತ ಜಾಸ್ತಿ ಬೆಳೆಸಿಕೊಂಡ ಕೊಬ್ಬಿಲ್ಲದ ಮೈತೂಕ ಸರಾಸರಿ 0.3 ಕೆ.ಜಿ. ಮುನ್ನೂರು ಗ್ರಾಂ. ಮಿಕ್ಕ ಬೆಳವಣಿಗೆ ಎಲ್ಲ ಭಾರ ಎತ್ತಿದ್ದರಿಂದಲೇ ಬಂದದ್ದು.

ಹುಡುಗರಿಗೆ ನಾನು ಇನ್ನೊಂದು ಲೆಕ್ಕವನ್ನೂ ಹಾಕಿ ತೋರಿಸುತ್ತೇನೆ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರು, ಪ್ರೋಟೀನ್ ಸುಮಾರು ಐದರಲ್ಲಿ ಒಂದು ಪಾಲು. ತಿಂಗಳಿಗೆ ಅರ್ಧ ಕೆ.ಜಿ. ಸ್ನಾಯು ಬಂತು ಅಂತಲೇ ಇಟ್ಟುಕೊಳ್ಳಿ. ಅದರೊಳಗೆ ಕೂರುವ ಪ್ರೋಟೀನ್ 100 ಗ್ರಾಂ. ದಿನಕ್ಕೆ ಮೂರು ಚಿಲ್ಲರೆ ಗ್ರಾಂ. ತಿಂದದ್ದೆಲ್ಲ ಸೀದಾ ಸ್ನಾಯುವಿಗೆ ಹೋಗುವುದಿಲ್ಲ, ಅದಕ್ಕೇ ಜಾಸ್ತಿ ತಿನ್ನಬೇಕು, ಸರಿ. ಆದರೂ ಡಬ್ಬಿ ಮೇಲಿನ ಚಿತ್ರದ ಮನುಷ್ಯನನ್ನೂ ಈ ಮೂರು ಗ್ರಾಮನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸ್ವಲ್ಪ ಸಮಾಧಾನ ಆಗುತ್ತದೆ.

60 ಕೆ.ಜಿ.ಗೆ 1.6ರ ಲೆಕ್ಕದಲ್ಲಿ ದಿನಕ್ಕೆ 96 ಗ್ರಾಂ. ಇದನ್ನು ಮನೆ ಊಟದಲ್ಲಿ ಮುಟ್ಟಬಹುದಾ? ಆ ಹುಡುಗನ ಮುಂದೆಯೇ ಬಿಲ್ ಪುಸ್ತಕದ ಹಿಂದೆ ಬರೆದೆ. ನಾಲ್ಕು ಮೊಟ್ಟೆ, 24. ಅರ್ಧ ಲೀಟರ್ ಹಾಲು, ಅಥವಾ ಅದನ್ನೇ ಮೊಸರು ಮಾಡಿಕೊಂಡರೆ, 16. ರೊಟ್ಟಿ, ಅನ್ನ, ಮುದ್ದೆ ಯಾವುದಾದರೂ ಸೇರಿ ದಿನಕ್ಕೆ 300 ಗ್ರಾಂ ಧಾನ್ಯ ಹೊಟ್ಟೆಗೆ ಹೋದರೆ 25ರ ಆಸುಪಾಸು. ಬೇಳೆಯೋ ಹುರುಳಿಯೋ ಹೆಸರುಕಾಳೋ 75 ಗ್ರಾಂ, 17. ಒಂದು ಹಿಡಿ ಶೇಂಗಾ, 7. ಸೋಯಾ ಚಂಕ್ಸ್ ಒಣಗಿದ್ದು 50 ಗ್ರಾಂ, 26. ಕೂಡಿದರೆ 115. ಮೊಟ್ಟೆ ತಿನ್ನದ ಮನೆ ಅಂದುಕೊಳ್ಳಿ, 91, ಇನ್ನೊಂದು ದೊಡ್ಡ ಬಟ್ಟಲು ಮೊಸರು ಹಾಕಿಕೊಂಡರೆ ಮುಗಿಯಿತು. ಕೋಳಿ ಮಾಂಸದ ಲೆಕ್ಕ ಇದರಲ್ಲಿ ಹಿಡಿದೇ ಇಲ್ಲ.

‘ಸಸ್ಯಾಹಾರದ ಪ್ರೋಟೀನ್ ಅರೆಬರೆ, ಅದಕ್ಕೆ ಅಮೈನೊ ಪುಡಿ ಬೇಕು’ ಅಂತ ಒಂದು ಮಾತು ಈಗ ಓಡಾಡುತ್ತಿದೆ. ಅರ್ಧ ನಿಜ. ಜೋಳ, ಅಕ್ಕಿ, ಗೋಧಿಯಲ್ಲಿ ಲೈಸಿನ್ ಕಡಿಮೆ. ಬೇಳೆಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಲೈಸಿನ್ ಧಾರಾಳ. ಇವೆರಡನ್ನೂ ಒಂದೇ ದಿನ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿ ಜೊತೆ ಕಾಳುಪಲ್ಯ, ಮುದ್ದೆ ಜೊತೆ ಹುರುಳಿ ಸಾರು ತಿನ್ನುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಡುಕಿ ನೋಡಿ, ಕೊರತೆ ಇರುವುದು ಲೈಸಿನ್‌ದು, ಮೆಥಿಯೊನಿನ್‌ದು. ಡಬ್ಬಿಯಲ್ಲಿ ಇವೆರಡೂ ಇಲ್ಲ! ಅನ್ನದಲ್ಲಿ, ಜೋಳದಲ್ಲಿ ಆಗಲೇ ಇರುವ ಲ್ಯೂಸಿನ್ ಅನ್ನೇ ಮತ್ತೆ ತಂದು ಸುರಿಯುತ್ತಿದ್ದಾರೆ.

ಹಳೇ ಕಾಲವೇ ಚೆನ್ನಾಗಿತ್ತು ಅಂತ ಹಾಡುವವನೂ ನಾನಲ್ಲ. ನಮ್ಮ ಸೋದರಮಾವ ಗರಡಿ ಮನೆಯಲ್ಲಿ ಬೆಳೆದವರು, ದುಗ್ಗಮ್ಮನ ಜಾತ್ರೆ ಕುಸ್ತಿಯಲ್ಲಿ ಅಖಾಡಕ್ಕೆ ಇಳಿದವರು. ಅವರು ಬಾದಾಮಿ ಅರೆದು ತುಪ್ಪದ ಜೊತೆ ಕುಡಿಯುತ್ತಿದ್ದರು, ತುಪ್ಪದಿಂದಲೇ ತೋಳು ಬಂತು ಅಂತ ಕೊನೆಯವರೆಗೂ ನಂಬಿದ್ದರು. ತುಪ್ಪದಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ. ತೋಳು ಬಂದದ್ದು ದಿನಾ ಹೊಡೆದ ದಂಡ ಬಸ್ಕಿಯಿಂದ, ಹೊಟ್ಟೆ ತುಂಬ ಕುಡಿದ ಹಾಲಿನಿಂದ, ಮಧ್ಯಾಹ್ನ ಹೊಡೆದ ನಿದ್ದೆಯಿಂದ. ಅಂದರೆ ಅವತ್ತೂ ಜನ ತಪ್ಪು ಸಾಮಾನಿಗೆ ಹೆಸರು ಕೊಟ್ಟಿದ್ದರು, ಇವತ್ತೂ ಕೊಡುತ್ತಿದ್ದಾರೆ. ವ್ಯತ್ಯಾಸ ಇಷ್ಟೇ, ತುಪ್ಪ ರುಚಿಯಾಗಿತ್ತು.

ಕೆಲವು ತಾಯಂದಿರು ಗಾಬರಿಯಿಂದ ಬಂದು, ‘ಅಣ್ಣಾ, ಇದು ಸ್ಟಿರಾಯ್ಡ್ ಅಲ್ವಾ, ಕಿಡ್ನಿ ಹೋಗುತ್ತಂತೆ’ ಅಂತ ಕೇಳುತ್ತಾರೆ. ಇದು ಸ್ಟಿರಾಯ್ಡ್ ಅಲ್ಲ. ಗಟ್ಟಿಮುಟ್ಟಾದ ಹುಡುಗ ಒಂದು ಸ್ಕೂಪ್ ಕುಡಿದ ಮಾತ್ರಕ್ಕೆ ಏನೂ ಆಗಿಬಿಡುವುದಿಲ್ಲ. ಮೊದಲೇ ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಯಾವ ಪ್ರೋಟೀನ್ ಪುಡಿಯನ್ನೂ ಮುಟ್ಟಬಾರದು. ನಿಜವಾಗಿ ಹೆದರಬೇಕಾದದ್ದು ಕೆಲವು ಕಡೆ ಬಚ್ಚಲ ಬಾಗಿಲು ಹಾಕಿಕೊಂಡು ಚುಚ್ಚಿಕೊಳ್ಳುವ ಇಂಜೆಕ್ಷನ್‌ಗಳಿಗೆ. ಚೀಟಿ ಇಲ್ಲದೆ ಅವನ್ನು ಕೇಳಿಕೊಂಡು ನನ್ನ ಅಂಗಡಿಗೂ ಬಂದಿದ್ದಾರೆ, ಬೈದು ಕಳಿಸಿದ್ದೇನೆ. ಅದು ಬೇರೆಯೇ ಕತೆ, ಇನ್ನೊಂದು ಪತ್ರ ಬೇಕು.

ಇದೇ ಬಿಸಿಎಎಯನ್ನು ಡಾಕ್ಟರು ಬರೆದುಕೊಡುವುದೂ ಉಂಟು. ಲಿವರ್ ಕೆಟ್ಟು ಅದರಿಂದ ಮಂಪರು, ಗೊಂದಲ ಬರುವ ರೋಗಿಗಳಿಗೆ ಇದು ಉಪಯೋಗಕ್ಕೆ ಬರುತ್ತದೆ. ಆ ಚೀಟಿ ಹಿಡಿದು ಬಂದವರಿಗೆ ನಾನು ಎರಡು ಮಾತಾಡದೆ ಕೊಡುತ್ತೇನೆ. ವ್ಯಾಯಾಮ ಆದ ಮರುದಿನದ ಮೈಕೈ ನೋವು ಸ್ವಲ್ಪ ಕಡಿಮೆಯಾಗುತ್ತದೆ ಅಂತಲೂ ಕೆಲವು ಅಧ್ಯಯನಗಳಲ್ಲಿ ಬಂದಿದೆ. ಇರಬಹುದು. ಆದರೆ ಹುಡುಗರು ದುಡ್ಡು ಕೊಡುವುದು ನೋವಿಗಲ್ಲ, ತೋಳಿಗೆ. ತೋಳಿನ ವಿಷಯದಲ್ಲಿ ನನ್ನ ರ‍್ಯಾಕಿನ ಪುಡಿಗಳ ಪೈಕಿ ಪುರಾವೆ ಗಟ್ಟಿಯಾಗಿರುವುದು ಕ್ರಿಯೇಟಿನ್ ಒಂದಕ್ಕೆ. ದಿನಕ್ಕೆ 3ರಿಂದ 5 ಗ್ರಾಂ, ಬಣ್ಣ ಇಲ್ಲ, ರುಚಿ ಇಲ್ಲ, ಬೆಲೆಯೂ ಕಡಿಮೆ. ಅದಕ್ಕೇ ಇರಬೇಕು, ಅದರ ಜಾಹೀರಾತು ಅಷ್ಟು ಜೋರಿಲ್ಲ.

ಡಬ್ಬಿ ಮೇಲಿನ ಅಂಕಿ ಬಗ್ಗೆಯೂ ಒಂದು ಮಾತು. ಪುಡಿಯಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಹಳೇ ವಿಧಾನ ನೇರವಾಗಿ ಪ್ರೋಟೀನನ್ನು ಅಳೆಯುವುದಿಲ್ಲ. ಸಾರಜನಕ ಎಷ್ಟಿದೆ ಅಂತ ನೋಡಿ ಅದನ್ನು 6.25ರಿಂದ ಗುಣಿಸುತ್ತದೆ. ಹಾಗಾಗಿ ಗ್ಲೈಸಿನ್, ಟಾರಿನ್ ಥರದ, ಸಾರಜನಕ ಇರುವ ಅಗ್ಗದ ಪುಡಿ ಬೆರೆಸಿದರೂ ಚೀಟಿಯಲ್ಲಿ ಪ್ರೋಟೀನ್ ಏರುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮಿನ್ ಎಂಬ ಸಾರಜನಕ ತುಂಬಿದ ರಾಸಾಯನಿಕ ಬೆರೆಸಿ ಮಕ್ಕಳ ಕಿಡ್ನಿ ಹಾಳು ಮಾಡಿದ್ದೂ ಇದೇ ಕಿಂಡಿಯಿಂದ ನುಸುಳಿ. ನಮ್ಮಲ್ಲೇ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿತು. ಸುಮಾರು ಶೇ 70ರಲ್ಲಿ ಚೀಟಿ ಹೇಳುವುದೊಂದು, ಒಳಗಿದ್ದದ್ದೊಂದು. ಮೊಟ್ಟೆಗೆ ಆ ತಾಪತ್ರಯ ಇಲ್ಲ. ಅದೇ 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಭಾರತೀಯರ ಆಹಾರದ ಮಾರ್ಗಸೂಚಿ ಹೊರತಂದಾಗ, ಮೈ ಬೆಳೆಸಲು ಪ್ರೋಟೀನ್ ಸಪ್ಲಿಮೆಂಟ್ ಬೇಡ ಅಂತ ಸ್ಪಷ್ಟವಾಗಿಯೇ ಹೇಳಿತು. ನಿಮ್ಮ ಪುರವಣಿಯ ಬರಹದಲ್ಲಿ ಅದರ ಸುಳಿವೂ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಆ ಸಾಲನ್ನು ತಿದ್ದಿ ಹಾಕಿ. ಮುಂದಿನ ಸಲ ಇಂಥ ಬರಹ ಹಾಕುವಾಗ ಪಕ್ಕದಲ್ಲಿ ಒಂದು ಪುಟ್ಟ ಚೌಕ ಮಾಡಿ, ಯಾವ ಕಾಳಿನಲ್ಲಿ, ಎಷ್ಟು ಹಾಲಿನಲ್ಲಿ ಎಷ್ಟು ಪ್ರೋಟೀನ್ ಅಂತ ಕೊಡಿ. ಹುಡುಗರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಆ ಹುಡುಗನ ವಿಷಯ ಹೇಳಲಿಲ್ಲ ಅಲ್ವಾ. ಅವತ್ತು ಅಷ್ಟೆಲ್ಲ ಲೆಕ್ಕ ಕೇಳಿಸಿಕೊಂಡು, ‘ನೀವು ಹೇಳೋದು ಸರಿ ಅಂಕಲ್, ಆದ್ರೆ ಕೋಚ್ ಬೈತಾರೆ’ ಅಂದು ಡಬ್ಬಿ ತೆಗೆದುಕೊಂಡೇ ಹೋದ. ನಾನೂ ದುಡ್ಡು ಎಣಿಸಿಕೊಂಡೆ. ಮೂರು ವಾರ ಬಿಟ್ಟು ಮತ್ತೆ ಬಂದ. ಬೆಳಿಗ್ಗೆ ಮೊಟ್ಟೆ, ರಾತ್ರಿ ಹಾಲು ಶುರು ಮಾಡಿದ್ದಾನಂತೆ, ಮಂಡಕ್ಕಿ ಬಿಟ್ಟಿಲ್ಲ. ‘ಅಂಕಲ್, ಇದನ್ನ ವಾಪಸ್ ತಗೋತೀರಾ?’ ಅಂತ ಬ್ಯಾಗಿಂದ ಡಬ್ಬಿ ತೆಗೆದ. ಸೀಲ್ ಒಡೆದಿದೆಯಲ್ಲಪ್ಪಾ ಅಂದೆ. ಈಗ ಅದನ್ನು ಜಿಮ್‌ನಲ್ಲೇ ಇಟ್ಟಿದ್ದಾನಂತೆ, ಕೋಚ್ ನೋಡುವಾಗ ಮಾತ್ರ ಅರ್ಧ ಸ್ಕೂಪ್ ಕಲಸಿಕೊಳ್ಳುತ್ತಾನಂತೆ.

ಇಂತಿ,
ನಿಮ್ಮ ಓದುಗ, ಮೆಡಿಕಲ್ ಸ್ಟೋರ್‌ನವ
ದಾವಣಗೆರೆ